ಜಾಲತಾಣದ ಮೆನು: ಕೋಲಾರ ಜಿಲ್ಲೆ

ಜಾಲತಾಣದ ಮೇಲ್ಭಾಗದಲ್ಲಿ ಸಾಲಾಗಿ ನಿಂತು ಓದುಗರನ್ನು ಬೇಕಾದ ಪುಟಕ್ಕೆ ಕಳಿಸುವ ಕೊಂಡಿಗಳ ಪಟ್ಟಿಯೇ ಮೆನು. ಕೋಲಾರ ಜಿಲ್ಲೆಯ ಸರ್ಕಾರಿ ತಾಣದ ಮಟ್ಟಿಗೆ ಇದರ ಇತಿಹಾಸವನ್ನು, ಪಟ್ಟಿ ತಿದ್ದುವ ಕೆಲಸ ಎಷ್ಟು ಸುಲಭವಾಯಿತು ಎಂಬ ಕಡೆಯಿಂದ ನೋಡುವುದೇ ಸರಿ.

ಜಿಲ್ಲಾ ತಾಣಗಳ ತಾಂತ್ರಿಕ ಹೊಣೆ 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು (ಎನ್‌ಐಸಿ). ಎಚ್‌ಟಿಎಂಎಲ್ ಪುಟಗಳನ್ನು ಕೈಯಿಂದಲೇ ಬರೆಯುತ್ತಿದ್ದ ಕಾಲದಲ್ಲಿ ಮೆನು ಒಂದೊಂದು ಪುಟದೊಳಗೂ ಸೇರಿರುತ್ತಿತ್ತು. ಉದಾಹರಣೆಗೆ, 2007ರಲ್ಲಿ ಕೋಲಾರದಿಂದ ಒಡೆದು ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಆರು ತಾಲ್ಲೂಕುಗಳು ಅತ್ತ ಹೋದವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಉಳಿದವು. ಇಂಥ ಬದಲಾವಣೆಗೆ ಹಳೆಯ ವಿಧಾನದಲ್ಲಿ ಎಲ್ಲ ಕಡತಗಳನ್ನೂ ತೆರೆದು ತಿದ್ದಬೇಕು. ಒಂದು ತಪ್ಪಿದರೂ, ಅತ್ತ ಹೋದ ಚಿಂತಾಮಣಿ ತಾಲ್ಲೂಕು ಆ ಪುಟದಲ್ಲಿ ಕೋಲಾರದಲ್ಲೇ ಉಳಿಯುತ್ತದೆ!

ಮೆನುವನ್ನು ಒಂದೇ ಕಡೆ ತಿದ್ದಿದರೆ ಎಲ್ಲ ಪುಟಗಳಲ್ಲೂ ಬದಲಾಗುವಂತೆ ಮಾಡುವ ತಂತ್ರಾಂಶ, ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ (ಸಿಎಂಎಸ್), ಈ ಕಷ್ಟ ತಪ್ಪಿಸಿತು. ಅಂಥದ್ದೊಂದು ಸಿಎಂಎಸ್, 2003ರಲ್ಲಿ ಬಂದ ವರ್ಡ್‌ಪ್ರೆಸ್, ಮೊದಮೊದಲು ಪುಟಗಳ ಹೆಸರನ್ನೇ ತಾನಾಗಿ ಪಟ್ಟಿ ಮಾಡಿ ತೋರಿಸುತ್ತಿತ್ತು. 2010ರ ಜೂನ್‌ನ 3.0 ಆವೃತ್ತಿ ಮೆನುವಿಗೆಂದೇ ಪ್ರತ್ಯೇಕ ಪರದೆ ಕೊಟ್ಟಿತು: ಹೆಸರನ್ನು ಮೌಸ್‌ನಿಂದ ಎಳೆದು ಬೇಕಾದ ಕಡೆ ಬಿಡಬಹುದು, ತುಸು ಬಲಕ್ಕೆ ಸರಿಸಿದರೆ ಅದು ಉಪಮೆನು. ಮೆನುವಿನಿಂದ ತೆಗೆದ ಮಾತ್ರಕ್ಕೆ ಪುಟ ಅಳಿಯುವುದಿಲ್ಲ. ಮೆನುವಿಗೆ ಸೇರಿಸದ ಪುಟ ಇದ್ದೂ ಇಲ್ಲದಂತೆ. ಇನ್ನೊಂದು ಸಿಎಂಎಸ್ ಆದ ಜೂಮ್ಲಾದ ರೀತಿ ಬೇರೆ, ಅಲ್ಲಿ ಪುಟದ ವಿಳಾಸವೇ ಮೆನುವನ್ನು ಅವಲಂಬಿಸಿರುತ್ತದೆ.

ಜಿಲ್ಲಾ ತಾಣ ಈಗಿರುವುದು ಎನ್‌ಐಸಿ ವರ್ಡ್‌ಪ್ರೆಸ್ ಬುನಾದಿಯ ಮೇಲೆ ಕಟ್ಟಿದ ಎಸ್3ವಾಸ್ ವೇದಿಕೆಯಲ್ಲಿ. ಜಿಲ್ಲೆಯ ಬಗ್ಗೆ, ಇಲಾಖೆಗಳು, ಪ್ರವಾಸೋದ್ಯಮ ಮುಂತಾದ ಶೀರ್ಷಿಕೆಗಳು ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳಿಗೂ ಸಾಮಾನ್ಯ. ಆವಣಿ, ಕುರುಡುಮಲೆ, ಅಂತರಗಂಗೆಯಂಥ ಜಾಗಗಳು ಬಂದಾಗಲೇ ಇದು ಕೋಲಾರದ ತಾಣ ಎಂದು ಗೊತ್ತಾಗುವುದು.

ಕನ್ನಡದ ತೊಡಕೇ ಬೇರೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡ ಮೆನು ಅರ್ಥವಾಗದ ಚಿಹ್ನೆಗಳಾಗುತ್ತಿತ್ತು. ಯೂನಿಕೋಡ್ ಬಂದ ಮೇಲೂ ವಿಳಾಸದ ಪಾಡು ಹಾಗೇ ಇದೆ. ವಿಳಾಸದೊಳಗೆ ಕನ್ನಡದ ಪ್ರತಿ ಯೂನಿಕೋಡ್ ಸಂಕೇತವೂ, ಕಾಗುಣಿತದ ಗುರುತೂ ಸೇರಿ, ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. 'ಶ್ರೀನಿವಾಸಪುರ' ಒಂದಕ್ಕೇ 108 ಬೇಕು. ವರ್ಡ್‌ಪ್ರೆಸ್ ಒಂದು ಪುಟದ ಹೆಸರಿಗೆ ಕೊಡುವ ಜಾಗ 200. 'ಶ್ರೀನಿವಾಸಪುರ ತಾಲ್ಲೂಕು ಕಚೇರಿ' ಅದರಲ್ಲಿ ಹಿಡಿಸದು. ಮೆನುವಿನಲ್ಲಿ ಕನ್ನಡವಿಟ್ಟು ವಿಳಾಸವನ್ನು ರೋಮನ್ ಲಿಪಿಯಲ್ಲಿ ಬರೆಯುವುದು ಇದಕ್ಕೆ ದಾರಿ.

ಇನ್ನೂ ಬಗೆಹರಿಯದಿರುವುದು ಜೋಡಣೆ. ಮೆನು ಸಾಗುವುದು ಇಲಾಖೆಗಳ ಹಾದಿಯಲ್ಲಿ, ಜನ ಬರುವುದು ಕೆಲಸ ಹಿಡಿದು. ಮುಳಬಾಗಿಲಿನ ರೈತನಿಗೆ ಬೇಕಾದ ಪಹಣಿ ಕಂದಾಯ ಇಲಾಖೆಯ 'ಭೂಮಿ' ತಾಣದಲ್ಲಿದೆ. ಜಿಲ್ಲಾ ತಾಣ ಅತ್ತ ಕೈ ತೋರಬಹುದು ಅಷ್ಟೆ. ಮಾಲೂರು ಪಟ್ಟಣದ ನಿವೇಶನದ ಖಾತೆಗೆ ನೋಡಬೇಕಾದದ್ದು ಪೌರಾಡಳಿತದ ತಾಣ, ಅದರ ಮೆನು ಇನ್ನೊಂದು.