ಕರೆಂಟ್ ಮಾಡೋ ಕೈಗಾಕ್ಕೂ ಹೊರಗಿನ ಕರೆಂಟ್ ಬೇಕು! ಯಾಕೆ? ಲೈನ್ ಹೋದ್ರೆ ಏನಾಗುತ್ತೆ? ಇಲ್ಲಿದೆ ಪೂರ್ತಿ ಮಾಹಿತಿ

ಆಲಮೇಲ: ಗಾಳಿ-ಮಳೆಗೆ ಲೈನ್ ಹೋಯ್ತು ಅಂದ್ರೆ ಬಜಾರದಲ್ಲಿ ಒಂದೊಂದೇ ಅಂಗಡಿ ಮುಂದೆ ಜನರೇಟರ್ ಶುರುವಾಗುತ್ತೆ. ಕೂಲ್‌ಡ್ರಿಂಕ್ಸ್ ಅಂಗಡಿಯವರಿಗೆ ಫ್ರಿಜ್ ಚಿಂತೆ, ಝೆರಾಕ್ಸ್ ಅಂಗಡಿಯವರಿಗೆ ಗಿರಾಕಿ ಚಿಂತೆ. ಇದೇ ಚಿಂತೆ ಕಾರವಾರ ತಾಲ್ಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೂ ಇದೆ ಅಂದ್ರೆ ಬಹಳ ಮಂದಿ ನಂಬಲ್ಲ. 220 ಮೆಗಾವಾಟ್‌ನ ನಾಲ್ಕು ಘಟಕ, ಒಟ್ಟು 880 ಮೆಗಾವಾಟ್ ಉತ್ಪಾದಿಸೋ ಸ್ಥಾವರಕ್ಕೆ ಹೊರಗಿನ ಕರೆಂಟ್ ಯಾಕೆ ಬೇಕು?

ಬಂದ್ ಮಾಡಿದ್ರೂ ಕಾವು ನಿಲ್ಲಲ್ಲ

ನಮ್ಮ ಜಿಲ್ಲೆಯ ಕೂಡಗಿ ಎನ್‌ಟಿಪಿಸಿ ಸ್ಥಾವರದಲ್ಲಿ ಸುಡೋದು ಕಲ್ಲಿದ್ದಲು. ಇದ್ದಲು ಹಾಕೋದು ನಿಲ್ಲಿಸಿದರೆ ಬೆಂಕಿ ಆರುತ್ತೆ. ಅಣು ರಿಯಾಕ್ಟರ್ ಹಾಗಲ್ಲ. ಅದು ಬೆಲ್ಲದ ಗಾಣದ ಕೊಪ್ಪರಿಗೆ ಇದ್ದಂಗೆ. ಒಲೆಗೆ ಕಬ್ಬಿನ ಸಿಪ್ಪೆ ಹಾಕೋದು ನಿಲ್ಲಿಸಿದ ಮೇಲೂ ಒಳಗಿನ ಕೆಂಡ ಕಾಯಿಸ್ತಾನೇ ಇರುತ್ತೆ. ಕೈ ಬಿಟ್ಟರೆ ಪಾಕ ಹೊತ್ತುತ್ತೆ.

ರಿಯಾಕ್ಟರ್ ಬಂದ್ ಆದ ಕ್ಷಣದಲ್ಲೂ ಪೂರ್ಣ ಕಾವಿನ ಶೇ. 6ರಷ್ಟು ಉಳಿದಿರುತ್ತೆ. ಕೈಗಾದ ಒಂದು ಘಟಕದಲ್ಲಿ ಹುಟ್ಟೋ ಶಾಖ ಸುಮಾರು 750 ಮೆಗಾವಾಟ್. ಅಂದ್ರೆ ಬಂದ್ ಆದಾಗಲೂ 45 ಮೆಗಾವಾಟ್‌ನಷ್ಟು ಶಾಖ ಬರ್ತಾ ಇರುತ್ತೆ. ಒಂದು ತಾಸಿನ ಮೇಲೆ ಅದು ಶೇ. 1.5ರ ಹತ್ತಿರ, ಒಂದು ದಿನದ ಮೇಲೆ ಶೇ. 0.5ರ ಆಸುಪಾಸು ಇಳಿಯುತ್ತೆ. ಪೂರ್ತಿ ಸೊನ್ನೆ ಆಗೋಕೆ ಬಹಳ ಕಾಲ ಬೇಕು. ಅಲ್ಲಿವರೆಗೂ ನೀರು ಹಾಯಿಸಿ ತಣ್ಣಗೆ ಇಡಬೇಕು. ಪಂಪ್ ತಿರುಗೋಕೆ ಕರೆಂಟ್ ಬೇಕು. ಸ್ಥಾವರ ತಾನೇ ಬಂದ್ ಆಗಿದ್ದಾಗ ಆ ಕರೆಂಟ್ ಹೊರಗಿಂದಲೇ ಬರಬೇಕು.

ರಿಯಾಕ್ಟರ್ ಬಂದ್ ಮಾಡೋಕೆ ಮಾತ್ರ ಕರೆಂಟ್ ಬೇಕಿಲ್ಲ. ತಡೆ ರಾಡುಗಳನ್ನು ವಿದ್ಯುತ್ ಕ್ಲಚ್ ಮೇಲೆ ಹಿಡಿದಿಟ್ಟಿರ್ತಾರೆ. ಕರೆಂಟ್ ಹೋದ್ರೆ ಕ್ಲಚ್ ಬಿಡುತ್ತೆ, ರಾಡು ತಾವೇ ಕೆಳಗೆ ಬೀಳುತ್ತವೆ.

ನಾಲ್ಕು ದರ್ಜೆಯ ಕರೆಂಟ್

ಭಾರತದ ಭಾರಜಲ ರಿಯಾಕ್ಟರ್‌ಗಳಲ್ಲಿ ಕರೆಂಟನ್ನು ನಾಲ್ಕು ಕ್ಲಾಸ್ ಮಾಡಿದ್ದಾರೆ.

ಕ್ಲಾಸ್ 4: ಗ್ರಿಡ್‌ನಿಂದ ಬರೋದು, ಇಲ್ಲವೇ ಸ್ವಂತ ಟರ್ಬೈನ್ ಜನರೇಟರ್‌ನಿಂದ ಬರೋದು. ದೊಡ್ಡ ಪಂಪ್‌ಗಳು ಇದರ ಮೇಲೆ.

ಕ್ಲಾಸ್ 3: ಡೀಸೆಲ್ ಜನರೇಟರ್ ಬೆಂಬಲ ಇರೋದು. ಸ್ವಲ್ಪ ಹೊತ್ತು ನಿಂತರೂ ನಡೆಯುವ, ಆದರೆ ಬೇಗ ಮತ್ತೆ ಶುರುವಾಗಲೇಬೇಕಾದ ಪಂಪ್‌ಗಳು ಇದರಲ್ಲಿ.

ಕ್ಲಾಸ್ 2: ಅಂಗಡಿಯ ಯುಪಿಎಸ್ ತರಹ, ಒಂದು ಕ್ಷಣವೂ ನಿಲ್ಲದ ಎಸಿ ಕರೆಂಟ್.

ಕ್ಲಾಸ್ 1: ಬ್ಯಾಟರಿಯ ಡಿಸಿ ಕರೆಂಟ್. ಮೀಟರ್, ಕಂಟ್ರೋಲ್, ಬ್ರೇಕರ್‌ಗಳಿಗೆ.

ಕ್ಲಾಸ್ ನಂಬರ್ ಸಣ್ಣದಾದಷ್ಟೂ ಕರೆಂಟ್ ಗಟ್ಟಿ ಅಂತ ನೆನಪಿಟ್ಟರೆ ಸಾಕು.

ಕೈಗಾಕ್ಕೆ ಎಲ್ಲಿಂದ ಬರುತ್ತೆ?

ಕೈಗಾದಿಂದ 400 ಕೆವಿ ಲೈನ್‌ಗಳು ಶಿರಸಿ ಕಡೆಗೂ ಧಾರವಾಡ ಹತ್ತಿರದ ನರೇಂದ್ರ ಕಡೆಗೂ ಹೋಗುತ್ತವೆ. ಕೂಡಗಿಯ ಕರೆಂಟ್ ಕೂಡ ನರೇಂದ್ರದ ಹೊಸ ಸ್ಟೇಷನ್ನಿಗೇ ಹೋಗೋದು. 220 ಕೆವಿ ಲೈನ್‌ಗಳು ಕಾಳಿ ನದಿಯ ಕದ್ರಾ, ಕೊಡಸಳ್ಳಿ ಜಲವಿದ್ಯುತ್ ಕೇಂದ್ರಗಳ ಕಡೆಗಿವೆ. ಈ ಲೈನ್‌ಗಳು ಕರೆಂಟ್ ಒಯ್ಯುತ್ತವೆ, ಬೇಕಾದಾಗ ತರುತ್ತವೆ ಕೂಡ.

ನೀರಿನ ಕೇಂದ್ರ ಪಕ್ಕದಲ್ಲೇ ಇರೋದು ದೊಡ್ಡ ಅನುಕೂಲ. ಗ್ರಿಡ್ ಪೂರ್ತಿ ಬಿದ್ದಾಗ ಕಲ್ಲಿದ್ದಲು ಸ್ಥಾವರ ಶುರು ಮಾಡೋಕೂ ಹೊರಗಿನ ಕರೆಂಟ್ ಬೇಕು. ಜಲವಿದ್ಯುತ್ ಘಟಕ ಸಾಮಾನ್ಯವಾಗಿ ಗೇಟ್ ತೆಗೆದು ನೀರು ಬಿಟ್ಟರೆ ಬೇಗ ಎದ್ದು ನಿಲ್ಲುತ್ತೆ. ಗ್ರಿಡ್ ಎಬ್ಬಿಸೋ ಕೆಲಸ ಅಲ್ಲಿಂದಲೇ ಶುರು ಮಾಡೋದು ವಾಡಿಕೆ.

ಗ್ರಿಡ್ ಬಿದ್ದ ದಿನ

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಎರಡು ಸಲ ಬಿತ್ತು. ಎರಡನೇ ದಿನ ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳೂ ಜೊತೆಗೆ ಬಿದ್ದವು. ಅಂಥಾ ಕತ್ತಲಲ್ಲೂ ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಂಥ ಕೆಲವೇ ತಾಣಗಳು ಗ್ರಿಡ್‌ನಿಂದ ಬೇರೆಯಾಗಿ ತಮ್ಮ ಪಾಡಿಗೆ ನಡೆದವು.

ಕರ್ನಾಟಕದಲ್ಲಿ ಆವತ್ತು ಗ್ರಿಡ್ ಬೀಳಲಿಲ್ಲ. ಯಾಕಂದ್ರೆ ದಕ್ಷಿಣದ ಗ್ರಿಡ್ ಆಗಿನ್ನೂ ಬೇರೆ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಮೂಲಕ ಇಡೀ ದೇಶದ ಗ್ರಿಡ್ ಒಂದಾಯಿತು. ಇದರಿಂದ ಒಂದು ಕಡೆ ಕೊರತೆಯಾದ್ರೆ ಇನ್ನೊಂದು ಕಡೆಯಿಂದ ಆಸರೆ ಸಿಗುತ್ತೆ. ಹಾಗೇ ಒಂದು ಕಡೆಯ ಗದ್ದಲ ಇನ್ನೊಂದು ಕಡೆಗೆ ಹಬ್ಬೋ ದಾರಿಯೂ ತೆರೆದಿದೆ. ಅದಕ್ಕೇ ಗ್ರಿಡ್‌ನ ಫ್ರೀಕ್ವೆನ್ಸಿಯನ್ನು 49.90ರಿಂದ 50.05 ಹರ್ಟ್ಸ್ ಒಳಗೆ ಇಡಬೇಕು ಅನ್ನೋ ನಿಯಮ ಇದೆ.

ಲೆಕ್ಕಕ್ಕೆ ಹತ್ತು, ಕೆಲಸಕ್ಕೆ ಒಂದೂ ಇಲ್ಲ

ಎಷ್ಟು ಲೈನ್, ಎಷ್ಟು ಜನರೇಟರ್ ಇವೆ ಅಂತ ಎಣಿಸಿದ್ರೆ ಸಾಲದು. ಎಲ್ಲಾ ಒಟ್ಟಿಗೆ ಹೋಗೋ ಹಾಗಿದ್ದರೆ ಹತ್ತಿದ್ದರೂ ಒಂದೇ ಲೆಕ್ಕ. ಇದನ್ನ ಕಲಿಸಿದ್ದು ಎರಡು ಘಟನೆ.

ಮೊದಲನೆಯದು ಇದೇ ನರೋರಾದ್ದು. 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನ್‌ನ ಎರಡು ಬ್ಲೇಡ್ ಮುರಿದು ಬೆಂಕಿ ಹತ್ತಿತು. ಗ್ರಿಡ್ ಚೆನ್ನಾಗೇ ಇತ್ತು, ಡೀಸೆಲ್ ಜನರೇಟರ್‌ಗಳೂ ಇದ್ದವು. ಆದರೆ ಕೇಬಲ್‌ಗಳೇ ಸುಟ್ಟು ಹೋದವು. ಸುಮಾರು 17 ತಾಸು ಘಟಕಕ್ಕೆ ಕರೆಂಟೇ ಇರಲಿಲ್ಲ. ಕೊನೆಗೆ ಕಾಪಾಡಿದ್ದು ಕರೆಂಟ್ ಬೇಡದ, ಡೀಸೆಲ್‌ನಿಂದ ಓಡೋ ಅಗ್ನಿಶಾಮಕ ಪಂಪ್. ಅದರಿಂದ ಸ್ಟೀಮ್ ಜನರೇಟರ್‌ಗೆ ನೀರು ಹಾಯಿಸಿದರು.

ಎರಡನೆಯದು ಜಪಾನಿನ ಫುಕುಶಿಮಾ. 2011ರ ಮಾರ್ಚ್ 11ರ ಭೂಕಂಪಕ್ಕೆ ಹೊರಗಿನ ಲೈನ್‌ಗಳೆಲ್ಲ ಹೋದವು. ಡೀಸೆಲ್ ಜನರೇಟರ್ ಶುರುವಾದವು. ಮುಂದೆ ಸುನಾಮಿ ನೀರು ನುಗ್ಗಿ, ಇದ್ದ 13ರಲ್ಲಿ 12 ಕೆಲಸಕ್ಕೆ ಬಾರದಂತಾದವು. ಉಳಿದ ಒಂದು ಎತ್ತರದಲ್ಲಿತ್ತು, ಗಾಳಿಯಿಂದ ತಣ್ಣಗಾಗೋ ಮಾದರಿ. ಆ ಒಂದೇ 5 ಮತ್ತು 6ನೇ ಘಟಕಗಳನ್ನು ಉಳಿಸಿತು. 1, 2, 3ನೇ ಘಟಕಗಳ ಇಂಧನ ಕರಗಿತು.

ಫುಕುಶಿಮಾ ಆದ ಮೇಲೆ ನಮ್ಮ ದೇಶದ ಸ್ಥಾವರಗಳಲ್ಲೂ ಹೊರಗಿಂದ ಪೈಪ್ ಜೋಡಿಸಿ ನೀರು ಹಾಯಿಸೋ ವ್ಯವಸ್ಥೆ, ಹೆಚ್ಚುವರಿ ಡೀಸೆಲ್ ಸೆಟ್‌ಗಳನ್ನು ಸೇರಿಸಲಾಯಿತು. ಪಂಪ್ ನಿಂತರೂ ಬಿಸಿ ಮೇಲಕ್ಕೆ, ತಂಪು ಕೆಳಕ್ಕೆ ಅನ್ನೋ ತತ್ವದಲ್ಲಿ ರಿಯಾಕ್ಟರ್ ಒಳಗಿನ ಭಾರಜಲ ತಾನೇ ಸುತ್ತುವ ಗುಣವೂ ಈ ರಿಯಾಕ್ಟರ್‌ಗಳಿಗೆ ಇದೆ. ಆದರೆ ಸ್ಟೀಮ್ ಜನರೇಟರ್‌ಗೆ ನೀರು ಸಿಗ್ತಾ ಇರಬೇಕು.

ಈಗಲೂ ಇದು ಹಳೇ ಮಾತಾಗಿಲ್ಲ. ಯುದ್ಧದ ನಡುವೆ ಸಿಕ್ಕ ಉಕ್ರೇನಿನ ಝಪೊರಿಝಿಯಾ ಸ್ಥಾವರ 2025ರ ಸೆಪ್ಟೆಂಬರ್ 23ರಿಂದ ಒಂದು ತಿಂಗಳು ಹೊರಗಿನ ಲೈನ್ ಇಲ್ಲದೆ ಡೀಸೆಲ್ ಮೇಲೆಯೇ ನಡೆಯಿತು.

ಆಲಮೇಲದವರಿಗೆ ಏನು?

ಕೈಗಾ ಇಲ್ಲಿಂದ ನೇರ ಅಳತೆಗೆ ಸುಮಾರು 300 ಕಿ.ಮೀ. ದೂರ. ಸ್ಥಾವರದ ಹೊರಗಿನ ತುರ್ತು ಯೋಜನೆ 16 ಕಿ.ಮೀ. ವ್ಯಾಪ್ತಿಯದು. ಹಾಗಾಗಿ ಗಾಬರಿ ಬೇಡ. ಆದರೆ ಪಾಠ ಮಾತ್ರ ಅಂಗಡಿಗೂ, ಮನೆಗೂ ಒಂದೇ.

• ಇನ್ವರ್ಟರ್, ಜನರೇಟರ್ ಎರಡೂ ಒಂದೇ ಸ್ವಿಚ್, ಒಂದೇ ವೈರ್ ಮೇಲೆ ಇದ್ದರೆ ಅದು ಸುಟ್ಟ ದಿನ ಎರಡೂ ಇಲ್ಲ. ದಾರಿ ಬೇರೆ ಬೇರೆ ಮಾಡಿಸಿ.

• ಜನರೇಟರನ್ನು ಮಳೆ ನೀರು ನಿಲ್ಲೋ ತಗ್ಗಿನಲ್ಲಿ ಇಡಬೇಡಿ. ಅಂಗಡಿ ಒಳಗೂ ಓಡಿಸಬೇಡಿ, ಹೊಗೆ ಜೀವಕ್ಕೆ ಅಪಾಯ.

• ತಿಂಗಳಿಗೊಮ್ಮೆ ಲೋಡ್ ಹಾಕಿ ಓಡಿಸಿ ನೋಡಿ. ಸ್ಥಾವರಗಳಲ್ಲೂ ಡೀಸೆಲ್ ಸೆಟ್‌ಗಳನ್ನು ಆಗಾಗ ಓಡಿಸಿ ಪರೀಕ್ಷಿಸೋದು ಕಡ್ಡಾಯ.

• ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಲೇಬೇಡಿ. ನಿಮ್ಮ ಜನರೇಟರ್ ಕರೆಂಟ್ ವಾಪಸ್ ಲೈನಿಗೆ ಹರಿದು ಟಿಸಿ ಮೂಲಕ ಮೇಲೆ ಹೋದ್ರೆ, ಲೈನ್ ಬಂದ್ ಇದೆ ಅಂತ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು.