ಕೆಲಸದ ಸ್ಥಳದಲ್ಲಿ ಲಿಂಗತ್ವದ ಮುಕ್ತ ಅಭಿವ್ಯಕ್ತಿ

ಹುಟ್ಟಿದಾಗ ದಾಖಲಾದ ಲಿಂಗ ಒಂದು, ಒಳಗಿನಿಂದ ಅರಿತ ಲಿಂಗತ್ವ ಇನ್ನೊಂದು ಆಗಿರುವವರು ದುಡಿಯುವ ಜಾಗದಲ್ಲಿ ಹೆಸರು, ಉಡುಪು, ಕೂದಲು, ನಡೆನುಡಿ, ದಾಖಲೆ ಯಾವುದರಲ್ಲೂ ತಾವು ಯಾರೆಂಬುದನ್ನು ಮರೆಮಾಚದೆ ಇರುವುದು. ಟ್ರಾನ್ಸ್ ಮಹಿಳೆಯರು, ಟ್ರಾನ್ಸ್ ಪುರುಷರು, ಹೆಣ್ಣು-ಗಂಡು ಎರಡರಲ್ಲೂ ತಮ್ಮನ್ನು ಕಾಣದ ನಾನ್‌ಬೈನರಿ ವ್ಯಕ್ತಿಗಳು, ಹಿಜಡಾ, ಜೋಗಪ್ಪ ಮೊದಲಾದ ಪರಂಪರೆಯ ಸಮುದಾಯದವರು ಎಲ್ಲರಿಗೂ ಇದು ಸಂಬಂಧಿಸಿದ್ದು. ಕರ್ನಾಟಕದಲ್ಲಿ ಇವರನ್ನು ಒಟ್ಟಾಗಿ ಲಿಂಗತ್ವ ಅಲ್ಪಸಂಖ್ಯಾತರು ಎನ್ನುವುದು ರೂಢಿ. 2011ರ ಜನಗಣತಿಯಲ್ಲಿ ‘ಇತರೆ’ ಎಂಬ ಕಾಲಂನಲ್ಲಿ ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಲೆಕ್ಕಕ್ಕೆ ಸಿಕ್ಕರು. ಮನೆಬಾಗಿಲಿಗೆ ಬಂದ ಗಣತಿದಾರರ ಮುಂದೆ ಇದನ್ನು ಹೇಳಲಾಗದವರೇ ಹೆಚ್ಚು. ಆದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದೆಂದೇ ತಿಳಿಯಬೇಕು.

ಭಾರತದಲ್ಲಿ ಈ ವಿಷಯ ಒಂದು ವಿಚಿತ್ರ ಇಕ್ಕಟ್ಟಿನಲ್ಲಿ ಬೆಳೆದಿದೆ. ತಮ್ಮ ಲಿಂಗತ್ವವನ್ನು ಬಯಲಲ್ಲಿ ತೋರಿಸಿಕೊಂಡವರಿಗೆ ತಲೆಮಾರುಗಳಿಂದ ಉದ್ಯೋಗವಿರಲಿಲ್ಲ. ಉದ್ಯೋಗವಿದ್ದವರು ಅದನ್ನು ತೋರಿಸಿಕೊಳ್ಳುವಂತಿರಲಿಲ್ಲ. ಸೀರೆಯುಟ್ಟು ಬೀದಿಗೆ ಬಂದವರ ಪಾಲಿಗೆ ಉಳಿದದ್ದು ಮಗು ಹುಟ್ಟಿದ ಮನೆಯಲ್ಲಿ ಹರಸಿ ಹಣ ಪಡೆಯುವುದು, ಅಂಗಡಿಗಳಲ್ಲಿ ಕೈಚಾಚುವುದು, ಲೈಂಗಿಕ ವೃತ್ತಿ. ಉತ್ತರ ಕರ್ನಾಟಕದ ಜೋಗಪ್ಪಗಳಿಗೆ ಯಲ್ಲಮ್ಮನ ಹೆಸರಿನ ಜೋಗ. ಪ್ಯಾಂಟು ಷರ್ಟು ತೊಟ್ಟು ಕಚೇರಿಗೆ ಹೋದ ಇನ್ನೊಬ್ಬರು ಸಂಬಳ ಪಡೆದರು, ನಿವೃತ್ತಿಯವರೆಗೂ ಬೇರೆಯವರಾಗಿಯೇ ಬದುಕಿದರು. ಕೆಲಸದ ಸ್ಥಳದಲ್ಲಿ ಮುಕ್ತ ಅಭಿವ್ಯಕ್ತಿ ಎಂದರೆ ಈ ಎರಡು ಬದುಕುಗಳನ್ನು ಒಂದು ಮಾಡುವುದು. ಹಾಗೆ ಒಂದು ಮಾಡುವ ಹೊರೆಯನ್ನು ಇಂದಿಗೂ ಬಹುಪಾಲು ನೌಕರರೇ ಒಬ್ಬಂಟಿಯಾಗಿ ಹೊರುತ್ತಿದ್ದಾರೆ. ಅದು ಉದ್ಯೋಗ ಕೊಡುವವರು ಹೊರಬೇಕಾದ ಹೊರೆ.

ಹಿನ್ನೆಲೆ

ಬಯಲಲ್ಲಿ ಕಾಣಿಸಿಕೊಳ್ಳುವುದನ್ನೇ ಅಪರಾಧ ಮಾಡಿದ್ದು ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅದರ ಎರಡನೆಯ ಭಾಗ ಈ ಸಮುದಾಯದವರ ಹೆಸರುಗಳನ್ನು ಪೊಲೀಸ್ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಸಾರ್ವಜನಿಕವಾಗಿ ಕಾಣಿಸಿಕೊಂಡರೆ, ಕುಣಿದರೆ, ಹಾಡಿದರೆ ಶಿಕ್ಷೆಯಿತ್ತು. ಅಂದರೆ ಅವರ ದುಡಿಮೆಯೂ ಅವರ ವೇಷವೂ ಒಂದೇ ಏಟಿಗೆ ನಿಷಿದ್ಧವಾದವು. ಆ ಮನೋಭಾವ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿ, ಅನುಮಾನಕ್ಕೆ ಒಳಗಾದ ಹಿಜಡಾಗಳ ಹೆಸರು ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಮತ್ತೆ ಕೊಟ್ಟಿತು. ಸಮುದಾಯದ ಸಂಘಟನೆಗಳು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಬಳಿಕವೇ ಸರ್ಕಾರ ಅದನ್ನು ತಿದ್ದಿದ್ದು. ಪೊಲೀಸರ ಪಟ್ಟಿಯಲ್ಲಿ ಹೆಸರಿರುವವರಿಗೆ ಯಾರು ಕೆಲಸ ಕೊಡುತ್ತಾರೆ?

ಕರ್ನಾಟಕದಲ್ಲಿ ಸಂಬಳದ ಕೆಲಸಕ್ಕೆ ಮೊದಲು ಬಾಗಿಲು ತೆರೆದ ಜಾಗಗಳಲ್ಲಿ ಸಮುದಾಯದ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಗಳೂ ಸೇರಿವೆ. ತಮಿಳುನಾಡಿನ ನಾಮಕ್ಕಲ್ ಕಡೆಯ ಎ. ರೇವತಿ ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ಕಚೇರಿ ಸಹಾಯಕಿಯಾಗಿ ಸೇರಿ, ಮುಂದೆ ಅದರ ನಿರ್ದೇಶಕಿಯ ಸ್ಥಾನಕ್ಕೆ ಏರಿದರು. ಅವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದು, ರಂಗದ ಮೇಲೂ ಬಂತು. ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ಸರ್ಕಾರಿ ಕುರ್ಚಿಯಲ್ಲಿ ಸೀರೆಯುಟ್ಟೇ ಕೂತರು. 2021ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂತು. ಇವು ದೊಡ್ಡ ಮೆಟ್ಟಿಲುಗಳು, ಸಂದೇಹವಿಲ್ಲ. ಆದರೆ ಹೆಸರಾಂತ ಕಲಾವಿದೆಗೆ ಸಿಗುವ ಗೌರವ ಬೇರೆ, ತಾಲ್ಲೂಕು ಕಚೇರಿಯ ಎರಡನೇ ದರ್ಜೆ ಗುಮಾಸ್ತೆಗೆ ಸಿಗಬೇಕಾದ ನೆಮ್ಮದಿ ಬೇರೆ.

ಮುಚ್ಚಿಟ್ಟು ದುಡಿದವರ ಕಥೆಗಳು ಸಹಜವಾಗಿಯೇ ಕಡಿಮೆ ದಾಖಲಾಗಿವೆ. ಬೆಂಗಳೂರಿನ ಚಿಪ್ ವಿನ್ಯಾಸದ ಎಂಜಿನಿಯರುಗಳಿಗೆ ಪಾಠದ ಹೊತ್ತಿನಿಂದ ಪರಿಚಿತವಾದ ಹೆಸರೊಂದು ಇಲ್ಲಿ ಉಲ್ಲೇಖಾರ್ಹ. ಅಮೆರಿಕದ ಲಿನ್ ಕಾನ್ವೇ 1960ರ ದಶಕದಲ್ಲಿ ಐಬಿಎಂನಲ್ಲಿ ಕಂಪ್ಯೂಟರ್ ರಚನೆಯ ಮಹತ್ವದ ಕೆಲಸ ಮಾಡುತ್ತಿದ್ದರು. ಹೆಣ್ಣಾಗಿ ಬದುಕುವ ತೀರ್ಮಾನವನ್ನು ತಿಳಿಸಿದ್ದಕ್ಕೆ 1968ರಲ್ಲಿ ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಹೊಸ ಹೆಸರಿನಲ್ಲಿ, ಹಿಂದಿನ ಸಾಧನೆಯನ್ನೆಲ್ಲ ಅಳಿಸಿಕೊಂಡು, ಪ್ರೋಗ್ರಾಮರ್ ಆಗಿ ಮತ್ತೆ ಮೊದಲಿನಿಂದ ಶುರುಮಾಡಿದರು. 1980ರಲ್ಲಿ ಕಾರ್ವರ್ ಮೀಡ್ ಜೊತೆ ಅವರು ಬರೆದ ವಿಎಲ್‌ಎಸ್‌ಐ ಪಠ್ಯ ಜಗತ್ತಿನ ಚಿಪ್ ವಿನ್ಯಾಸದ ರೀತಿಯನ್ನೇ ಬದಲಿಸಿತು. ಸುಮಾರು 3 ದಶಕ ತಮ್ಮ ಗತವನ್ನು ವೃತ್ತಿಲೋಕದಿಂದ ಮುಚ್ಚಿಟ್ಟ ಅವರು ಅದನ್ನು ಬಹಿರಂಗವಾಗಿ ಹೇಳಿಕೊಂಡದ್ದು 1990ರ ದಶಕದ ಕೊನೆಯಲ್ಲಿ. ಐಬಿಎಂ 2020ರಲ್ಲಿ ಕ್ಷಮೆ ಕೇಳಿತು, ಅಂದರೆ 52 ವರ್ಷಗಳ ನಂತರ. ಅಷ್ಟು ದೊಡ್ಡ ಪ್ರತಿಭೆಗೇ ಹೀಗಾದರೆ ಸಾಧಾರಣ ನೌಕರರು ಬಾಯಿಬಿಡದಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಕಾನೂನು

2014ರ ಏಪ್ರಿಲ್ 15ರಂದು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ಸುಪ್ರೀಂ ಕೋರ್ಟ್ ಪೀಠ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (‘ನಾಲ್ಸಾ’) ಪ್ರಕರಣದಲ್ಲಿ ಕೊಟ್ಟ ತೀರ್ಪು ಭಾರತದಲ್ಲಿ ಈ ವಿಷಯದ ತಳಹದಿ. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕು ವ್ಯಕ್ತಿಯದು ಎಂದು ಅದು ಸಾರಿತು. ಉಡುಪು, ಮಾತು, ನಡವಳಿಕೆಗಳ ಮೂಲಕ ಅದನ್ನು ಹೊರಗೆಡಹುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದೂ ಹೇಳಿತು. ಈ ಎರಡನೆಯ ಮಾತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಯಾವ ಬಟ್ಟೆ ತೊಟ್ಟು ಕಚೇರಿಗೆ ಬರುತ್ತಾರೆ ಎಂಬುದು ಶಿಸ್ತಿನ ಪ್ರಶ್ನೆಯಷ್ಟೇ ಎನ್ನುವ ಮೇಲಧಿಕಾರಿಗೆ ಅದೊಂದೇ ವಾಕ್ಯ ಸಾಕಾದ ಉತ್ತರ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ 2019ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ನೇಮಕಾತಿ, ಬಡ್ತಿ ಮುಂತಾದ ಉದ್ಯೋಗದ ಯಾವ ವಿಷಯದಲ್ಲೂ ತಾರತಮ್ಯ ಕೂಡದು ಎಂದು ಅದರ 9ನೇ ಕಲಮು ವಿಧಿಸಿತು. ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕೆಂದು 11ನೇ ಕಲಮು ಹೇಳಿತು. 2020ರ ನಿಯಮಗಳು ಇನ್ನಷ್ಟು ನಿರ್ದಿಷ್ಟವಾದವು: ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, ಅದರಲ್ಲಿ ಎಲ್ಲರೂ ಬಳಸಬಹುದಾದ ಶೌಚಾಲಯ, ಓಡಾಟದ ಸುರಕ್ಷತೆ, ನೌಕರರ ಲಿಂಗತ್ವದ ಮಾಹಿತಿಯ ಗೋಪ್ಯತೆ ಇವೆಲ್ಲ ಇರಬೇಕು. ಗೋಪ್ಯತೆಯ ಅಂಶ ಮುಖ್ಯವಾದದ್ದು. ಹೇಳಿಕೊಳ್ಳುವ ಹಕ್ಕಿನ ಜೊತೆಗೆ ಹೇಳದಿರುವ ಹಕ್ಕೂ ಇದೆ; ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರು ಕ್ಯಾಂಟೀನಿನಲ್ಲಿ ಹರಡಿದರೆ ಅದು ಅಭಿವ್ಯಕ್ತಿಯಲ್ಲ, ಹಿಂಸೆ.

ಕಾಯ್ದೆಯ ಬಗ್ಗೆ ಸಮುದಾಯದ ಆಕ್ಷೇಪಗಳೂ ಗಟ್ಟಿಯಾಗಿವೆ. ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಯ ಬಳಿ ಹೋಗಬೇಕಾಯಿತು. ಲೈಂಗಿಕ ದೌರ್ಜನ್ಯಕ್ಕೂ ಗರಿಷ್ಠ 2 ವರ್ಷದ ಶಿಕ್ಷೆಯನ್ನಷ್ಟೇ ಅದು ಗೊತ್ತುಪಡಿಸಿತು; ಹೆಣ್ಣಿನ ಮೇಲಾದರೆ ಅದೇ ಕೃತ್ಯಕ್ಕೆ ಶಿಕ್ಷೆ ಎಷ್ಟೋ ಪಟ್ಟು ಹೆಚ್ಚು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ‘ನೊಂದ ಮಹಿಳೆ’ಯ ದೂರನ್ನು ಮಾತ್ರ ಪರಿಗಣಿಸುತ್ತದಾದ್ದರಿಂದ ಟ್ರಾನ್ಸ್ ಪುರುಷರು ಅದರ ಹೊರಗೇ ಉಳಿದರು.

ಕಾಯ್ದೆ ಕಾಗದದಲ್ಲಿದ್ದರೂ ಕೆಲಸ ಕಳೆದುಕೊಳ್ಳುವುದು ನಿಲ್ಲಲಿಲ್ಲ ಎಂಬುದಕ್ಕೆ ಜೇನ್ ಕೌಶಿಕ್ ಪ್ರಕರಣ ಸಾಕ್ಷಿ. ಟ್ರಾನ್ಸ್ ಮಹಿಳೆ, ಶಿಕ್ಷಕಿಯಾದ ಇವರು ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆಗೆ ಸೇರಿದ ಕೆಲವೇ ದಿನಗಳಲ್ಲಿ ಹೊರಬರಬೇಕಾಯಿತು. ಗುಜರಾತಿನ ಇನ್ನೊಂದು ಶಾಲೆ ಕೊಟ್ಟ ನೇಮಕಾತಿಯನ್ನು, ಗುರುತು ತಿಳಿದ ಮೇಲೆ, ಮುಂದುವರಿಸಲಿಲ್ಲ. 2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅವರಿಗೆ ಪರಿಹಾರ ನೀಡುವಂತೆ ಆದೇಶಿಸಿ, ಕಾಯ್ದೆಯನ್ನು ಕಾರ್ಯರೂಪಕ್ಕೆ ತರುವಲ್ಲಿ ಸರ್ಕಾರಗಳು ತೋರಿದ ಔದಾಸೀನ್ಯವನ್ನು ಕಟುವಾಗಿ ಟೀಕಿಸಿತು. ಸಮಾನ ಅವಕಾಶ ನೀತಿಯ ಕರಡು ಸಿದ್ಧಪಡಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅಧ್ಯಕ್ಷತೆಯಲ್ಲಿ ಸಮಿತಿಯನ್ನೂ ರಚಿಸಿತು. ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅದರ ಸದಸ್ಯರಲ್ಲಿ ಒಬ್ಬರಾಗಿದ್ದರು.

ಕರ್ನಾಟಕದ ಮೀಸಲಾತಿ

ರಾಜ್ಯದ ಮೀಸಲು ಪೊಲೀಸ್ ಪಡೆಯ ನೇಮಕಾತಿ ಅಧಿಸೂಚನೆಯೊಂದು ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಕಾಲಂ ಕೊಟ್ಟಿತ್ತು. ‘ಸಂಗಮ’ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ‘ಜೀವ’ ಸಂಸ್ಥೆ ಮಧ್ಯಪ್ರವೇಶಿಸಿ ಮೀಸಲಾತಿಯ ಒತ್ತಾಯವನ್ನು ಮುಂದಿಟ್ಟಿತು. ಪರಿಣಾಮವಾಗಿ 2021ರ ಜುಲೈನಲ್ಲಿ ಸರ್ಕಾರ ನಾಗರಿಕ ಸೇವೆಗಳ ಸಾಮಾನ್ಯ ನೇಮಕಾತಿ ನಿಯಮಗಳನ್ನು ತಿದ್ದಿ, ನೇರ ನೇಮಕಾತಿಯಲ್ಲಿ ಶೇ 1 ಮೀಸಲಾತಿ ಕೊಟ್ಟಿತು. ಇಂಥ ಕ್ರಮ ಕೈಗೊಂಡ ಮೊದಲ ರಾಜ್ಯ ಕರ್ನಾಟಕ. ಈ ಮೀಸಲಾತಿ ಸಮತಲವಾದದ್ದು: ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಪ್ರತಿಯೊಂದರ ಒಳಗೂ ಶೇ 1. ದಲಿತ ಟ್ರಾನ್ಸ್ ಮಹಿಳೆ ತನ್ನ ಜಾತಿಯ ಹಕ್ಕನ್ನು ಬಿಟ್ಟುಕೊಟ್ಟು ಲಿಂಗತ್ವದ ಹಕ್ಕು ಪಡೆಯಬೇಕಾಗಿಲ್ಲ. ಅಭ್ಯರ್ಥಿ ಸಿಗದಿದ್ದರೆ ಹುದ್ದೆ ಅದೇ ವರ್ಗದ ಗಂಡು ಅಥವಾ ಹೆಣ್ಣಿಗೆ ಹೋಗುತ್ತದೆ. ಶಾಲೆಯಲ್ಲೇ ಗೇಲಿಗೆ ಹೆದರಿ ಓದು ಬಿಟ್ಟವರು ಹೆಚ್ಚಿರುವಾಗ ಇದೇ ಅದರ ದುರ್ಬಲ ಕೊಂಡಿ.

ಅರ್ಜಿಯ ಕಾಲಂ ಸಣ್ಣ ಸಂಗತಿಯಲ್ಲ. ತಮಿಳುನಾಡಿನ ಕೆ. ಪ್ರೀತಿಕಾ ಯಾಶಿನಿ ಅವರ ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಅರ್ಜಿ ತಿರಸ್ಕೃತವಾಗಿತ್ತು. 2015ರಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟ ಮೇಲೆ 2017ರಲ್ಲಿ ಅವರು ಸಮವಸ್ತ್ರ ತೊಟ್ಟರು. 2021ರಲ್ಲಿ ಛತ್ತೀಸಗಢ 13 ಮಂದಿಯನ್ನು ಕಾನ್‌ಸ್ಟೆಬಲ್‌ಗಳಾಗಿ ಆರಿಸಿತು. ವ್ಯತಿರಿಕ್ತವಾಗಿ, 2017ರಲ್ಲಿ ನೌಕಾಪಡೆಯು ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾವಿಕರೊಬ್ಬರನ್ನು ಸೇವೆಯಿಂದ ಬಿಡುಗಡೆ ಮಾಡಿತು.

ದಿನನಿತ್ಯದ ಅನುಭವ

ಮುಕ್ತವಾಗಿ ಇರಬಹುದೇ ಎಂಬುದು ತೀರ್ಮಾನವಾಗುವುದು ಸಣ್ಣಪುಟ್ಟ ಜಾಗಗಳಲ್ಲಿ. ಹಾಜರಿ ಪುಸ್ತಕದಲ್ಲಿ ಯಾವ ಹೆಸರಿದೆ? ಕುತ್ತಿಗೆಗೆ ತೂಗುವ ಐಡಿ ಕಾರ್ಡಿನಲ್ಲಿ ಯಾವ ಫೋಟೋ? ಇಮೇಲ್ ವಿಳಾಸ ಬದಲಿಸಲು ಎಷ್ಟು ಜನರ ಸಹಿ ಬೇಕು? ಸಹೋದ್ಯೋಗಿಗಳು ‘ಮೇಡಂ’ ಎನ್ನುತ್ತಾರೋ ‘ಸಾರ್’ ಎನ್ನುತ್ತಾರೋ? ಕನ್ನಡದಲ್ಲಿ ‘ಅವರು’, ‘ಬಂದರು’ ಎಂಬ ಗೌರವದ ರೂಪಗಳು ಹೆಣ್ಣು ಗಂಡೆಂದು ಬೇರ್ಪಡಿಸುವುದಿಲ್ಲ. ಮರ್ಯಾದೆಯಿಂದ ಮಾತಾಡಿದರೆ ಅರ್ಧ ತೊಡಕು ತಾನಾಗಿ ನೀಗುತ್ತದೆ.

ದಾಖಲೆಗಳ ಗೋಜಲು ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಎಫ್ ಖಾತೆ, ಹಿಂದಿನ ಕಂಪನಿಯ ಅನುಭವ ಪತ್ರ ಎಲ್ಲದರಲ್ಲೂ ಹೆಸರು ಮತ್ತು ಲಿಂಗ ತಾಳೆಯಾಗಬೇಕು. ಒಂದು ತಪ್ಪಿದರೂ ನೇಮಕಾತಿಯ ಹಿನ್ನೆಲೆ ಪರಿಶೀಲನೆಯಲ್ಲಿ ಹಳೆಯ ಹೆಸರು ಹೊರಬೀಳುತ್ತದೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಜನನ ಪ್ರಮಾಣಪತ್ರ ತಿದ್ದಲು ದಾರಿ ಮಾಡಿಕೊಟ್ಟಿತು. ಆದರೆ ಕಾನೂನು ತಿದ್ದುಪಡಿ ಆಗುವವರೆಗೆ ಹಿಂದಿನ ಮತ್ತು ಈಗಿನ ಎರಡೂ ವಿವರ ಪತ್ರದಲ್ಲಿರಬೇಕೆಂದಿತು. ಹಕ್ಕು ಸಿಕ್ಕಿತು, ಹಳೆಯ ಹೆಸರು ಬೆನ್ನುಬಿಡಲಿಲ್ಲ.

ಶೌಚಾಲಯದ ಪ್ರಶ್ನೆಯನ್ನು ಹಲವರು ಹಗುರವಾಗಿ ಕಾಣುತ್ತಾರೆ. ಎಂಟು ತಾಸಿನ ಪಾಳಿಯಲ್ಲಿ ಎಲ್ಲಿಗೂ ಹೋಗಲಾಗದೆ ನೀರು ಕುಡಿಯುವುದನ್ನೇ ಬಿಟ್ಟವರಿಗೆ ಅದು ಆರೋಗ್ಯದ ಪ್ರಶ್ನೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಟ್ರಾನ್ಸ್‌ಜೆಂಡರ್ ನೌಕರರ ಶೌಚಾಲಯ ವ್ಯವಸ್ಥೆಯನ್ನು ಹೆಸರಿಸಿಯೇ ಹೇಳುತ್ತದೆ. ವೇತನ ಸಂಹಿತೆ ಲಿಂಗತ್ವದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಬೇರೆ ಶೌಚಾಲಯ ಕಟ್ಟಿಸಿ ಅಲ್ಲಿಗೇ ಹೋಗಿ ಎನ್ನುವುದು ಮತ್ತೊಂದು ಬಗೆಯ ಅಸ್ಪೃಶ್ಯತೆಯಾಗಬಾರದು.

ಟ್ರಾನ್ಸ್ ಪುರುಷರ ಕಷ್ಟ ಬೇರೆ ತೆರನದು. ಹೆಣ್ಣುಮಗಳೆಂದು ಬೆಳೆಸಿದ ಮನೆ ಅವರನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಮದುವೆಯ ಒತ್ತಡ ಬೆನ್ನಟ್ಟಿರುತ್ತದೆ. ಸೀರೆ ಅಥವಾ ಚೂಡಿದಾರವೇ ಸಮವಸ್ತ್ರವಾದ ಶಾಲೆ, ಆಸ್ಪತ್ರೆಗಳಲ್ಲಿ ಪ್ರತಿ ಬೆಳಿಗ್ಗೆ ಬಟ್ಟೆ ತೊಡುವುದೇ ಯಾತನೆ. ಹಾರ್ಮೋನು ಚಿಕಿತ್ಸೆಯಿಂದ ದನಿ ಒಡೆದು ಗಡ್ಡ ಬರತೊಡಗಿದಾಗ ಮುಚ್ಚಿಡುವ ಆಯ್ಕೆಯೂ ಅವರಿಗೆ ಉಳಿಯುವುದಿಲ್ಲ. ಆ ತಿಂಗಳುಗಳಲ್ಲಿ ರಜೆ, ವಿಮೆ ಮತ್ತು ತಂಡದ ಮುಖ್ಯಸ್ಥರ ಒಂದು ಒಳ್ಳೆಯ ಮಾತು ಕೆಲಸವನ್ನು ಉಳಿಸಬಲ್ಲವು.

ಕಚೇರಿಯ ಗೋಡೆಯ ಹೊರಗಿನದೂ ಕೆಲಸದ ಭಾಗವೇ ಎಂದು ತೋರಿಸಿದ್ದು ಕೊಚ್ಚಿ ಮೆಟ್ರೊ. 2017ರಲ್ಲಿ ಅದು ಕೇರಳ ಸರ್ಕಾರದ ಕುಡುಂಬಶ್ರೀ ಯೋಜನೆಯ ಮೂಲಕ 23 ಟ್ರಾನ್ಸ್ ವ್ಯಕ್ತಿಗಳಿಗೆ ಕೆಲಸ ಕೊಟ್ಟು ದೇಶದ ಮೆಚ್ಚುಗೆ ಪಡೆಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಬಿಟ್ಟರು. ಮೆಟ್ರೊ ನಿಲ್ದಾಣದಲ್ಲಿ ಅವರಿಗೆ ಜಾಗವಿತ್ತು, ನಗರದಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ವಸತಿಗೃಹದ ದಿನಬಾಡಿಗೆ ಸಂಬಳವನ್ನೇ ನುಂಗುತ್ತಿತ್ತು. ಬೆಂಗಳೂರಿನಲ್ಲಿ ಮನೆ ಹುಡುಕುವ ಟ್ರಾನ್ಸ್ ನೌಕರರಿಗೂ ಈ ಅನುಭವ ಹೊಸದಲ್ಲ. ನೇಮಕಾತಿಯ ಜೊತೆಗೇ ವಸತಿಯ ಹೊಣೆಯನ್ನೂ ಹೊರದ ಉದ್ಯೋಗದಾತರು ಅರ್ಧ ಕೆಲಸವನ್ನಷ್ಟೇ ಮಾಡಿದ ಹಾಗೆ.

ಇತರ ದೇಶಗಳಲ್ಲಿ

ಯುರೋಪಿನ ನ್ಯಾಯಾಲಯ 1996ರಲ್ಲೇ, ಬ್ರಿಟನ್ನಿನ ಕಾರ್ನ್‌ವಾಲ್ ಪ್ರಾಂತ್ಯದ ಪ್ರಕರಣವೊಂದರಲ್ಲಿ, ಲಿಂಗ ಪರಿವರ್ತನೆಯ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಲಿಂಗ ತಾರತಮ್ಯ ಎಂದಿತು. ಅಮೆರಿಕದ ಏಮಿ ಸ್ಟೀಫನ್ಸ್ ಅಂತ್ಯಸಂಸ್ಕಾರ ನಡೆಸುವ ಸಂಸ್ಥೆಯಲ್ಲಿ ದುಡಿಯುತ್ತಿದ್ದರು. ಇನ್ನು ಮುಂದೆ ಹೆಣ್ಣುಡುಗೆಯಲ್ಲಿ ಬರುತ್ತೇನೆಂದು ಪತ್ರ ಬರೆದುಕೊಟ್ಟದ್ದಕ್ಕೆ ಕೆಲಸ ಹೋಯಿತು. ಅವರದೂ ಸೇರಿದ ಪ್ರಕರಣಗಳಲ್ಲಿ 2020ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ನೌಕರರ ಪರ ನಿಂತಿತು. ತೀರ್ಪು ಕೇಳಲು ಅವರು ಇರಲಿಲ್ಲ, ಅದಕ್ಕೆ ಒಂದು ತಿಂಗಳ ಮೊದಲೇ ತೀರಿಕೊಂಡಿದ್ದರು. ಗೆದ್ದದ್ದು ಶಾಶ್ವತವೆಂದೇನೂ ಇಲ್ಲ: 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಸಮಾನತೆ ಕಾಯ್ದೆಯ ‘ಮಹಿಳೆ’ ಎಂದರೆ ಜೈವಿಕ ಲಿಂಗದ ಪ್ರಕಾರವೇ ಎಂದಾಗ ಅಲ್ಲಿನ ಕಚೇರಿಗಳ ಶೌಚಾಲಯದ ಚರ್ಚೆ ಮತ್ತೆ ಭುಗಿಲೆದ್ದಿತು.

ಅಸಂಘಟಿತ ವಲಯ

ಬಹುರಾಷ್ಟ್ರೀಯ ಕಂಪನಿಗಳ ಎಚ್‌ಆರ್ ನೀತಿ, ವಿಮೆ, ತರಬೇತಿಗಳ ಬಗ್ಗೆ ಬರಹಗಳು ಸಾಕಷ್ಟಿವೆ. ಟಾಟಾ ಸ್ಟೀಲ್ ತನ್ನ ಗಣಿಗಳಲ್ಲಿ ಭಾರೀ ಯಂತ್ರಗಳನ್ನು ಓಡಿಸಲು ಟ್ರಾನ್ಸ್ ನೌಕರರನ್ನು ತೆಗೆದುಕೊಂಡಿರುವುದು, ಇದು ಹವಾನಿಯಂತ್ರಿತ ಕಚೇರಿಗಳಿಗೆ ಮೀಸಲಾದ ವಿಷಯವಲ್ಲ ಎಂಬುದಕ್ಕೆ ಒಳ್ಳೆಯ ನಿದರ್ಶನ. ಆದರೆ ಈ ಸಮುದಾಯದ ಹೆಚ್ಚಿನವರು ದುಡಿಯುವುದು ಅಂಗಡಿ, ಹೋಟೆಲಿನ ಅಡುಗೆಮನೆ, ಬ್ಯೂಟಿ ಪಾರ್ಲರ್, ಮನೆಗೆಲಸಗಳಲ್ಲಿ. ಅಲ್ಲಿ ನೇಮಕಾತಿ ಪತ್ರವೇ ಇರುವುದಿಲ್ಲ. ನಾಳೆ ಬರಬೇಡ ಎಂದರೆ ಅಲ್ಲಿಗೆ ಮುಗಿಯಿತು. 2019ರ ಕಾಯ್ದೆ ‘ಸಂಸ್ಥೆ’ ಎಂದದ್ದು ಸರ್ಕಾರಿ ಕಚೇರಿ, ಕಂಪನಿ, ಸಂಘ, ಟ್ರಸ್ಟ್ ಮುಂತಾದವುಗಳನ್ನು. ಮನೆಗೆಲಸಕ್ಕೆ ಇಟ್ಟುಕೊಂಡ ಮನೆಯೊಡೆಯರು ಆ ಪಟ್ಟಿಯಲ್ಲಿ ಬರಲಿಲ್ಲ, ಅಲ್ಲಿ ದುಡಿಯುವವರ ದೂರು ಕೇಳಲು ಯಾವ ಅಧಿಕಾರಿಯನ್ನೂ ಕಾಯ್ದೆ ನೇಮಿಸಲಿಲ್ಲ.