ತಗಡೂರು ನಾಡಿನ ಚರಿತ್ರೆಗೆ ಆಧಾರಗಳೂ ಅವನ್ನು ಹೆಸರಿಸುವ ಕ್ರಮವೂ

ಕಂಬೈನಲ್ಲೂರಿನ ಕಡೆಯ ವಿದ್ಯಾರ್ಥಿಯೊಬ್ಬನು ಸ್ನಾತಕೋತ್ತರ ತರಗತಿಗಾಗಿ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಬೇಕಾಗಿದ್ದ ಪ್ರಬಂಧವನ್ನು ಕೆಲಕಾಲದ ಹಿಂದೆ ನಮ್ಮಲ್ಲಿಗೆ ತಂದಿದ್ದನು. ತನ್ನ ಸೀಮೆಯ ಪ್ರಾಚೀನ ಚರಿತ್ರೆಯೇ ಅದರ ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು ಎಂಬ ನಮ್ಮ ಗಡಿನಾಡಿನ ಮಕ್ಕಳಲ್ಲಿ ಅವನೂ ಒಬ್ಬನು. ಬರವಣಿಗೆ ಅಚ್ಚುಕಟ್ಟಾಗಿದ್ದಿತು. ಕೊನೆಯಲ್ಲಿ ಎಂಟು ಗ್ರಂಥಗಳ ಪಟ್ಟಿಯೂ ಇದ್ದಿತು. “ಇವುಗಳಲ್ಲಿ ನೀನು ಕಣ್ಣಾರೆ ಕಂಡವು ಎಷ್ಟಪ್ಪಾ?” ಎಂದು ಕೇಳಿದೆವು. ಅವನು ಸ್ವಲ್ಪ ತಡೆದು, “ಎರಡು, ಸಾರ್” ಎಂದನು. ಮಿಕ್ಕ ಆರು ಆ ಎರಡರ ಅಡಿಟಿಪ್ಪಣಿಗಳಿಂದ ಇಳಿಸಿಕೊಂಡವು. ಅವನನ್ನು ಗದರಿಸುವ ಯೋಗ್ಯತೆ ನಮಗಿರಲಿಲ್ಲ. ಓದುವ ವಯಸ್ಸಿನಲ್ಲಿ ನಾವೂ ಅದನ್ನೇ ಮಾಡಿದವರು, ಅದಕ್ಕಾಗಿ ಒಳ್ಳೆಯ ಅಂಕಗಳನ್ನೂ ಪಡೆದವರು.

ಆಧಾರವನ್ನು ಹೆಸರಿಸುವುದು ಪರೀಕ್ಷಕರ ತೃಪ್ತಿಗಾಗಿ ಮಾಡುವ ಒಂದು ಶಾಸ್ತ್ರವೆಂದು ನಮ್ಮಲ್ಲಿ ಅನೇಕರ ಭಾವನೆ. ಅನ್ಯ ಪ್ರಾಂತಗಳಲ್ಲಿ ಹಾಗಿದ್ದರೂ ಇರಬಹುದು. ಎರಡು ಭಾಷೆಗಳು ಸೇರುವ ನಮ್ಮ ಈ ನಾಡಿನಲ್ಲಿ “ಇಲ್ಲಿ ಹಿಂದೆ ಕನ್ನಡವಿದ್ದಿತು” ಎಂಬ ಮಾತನ್ನಾಗಲಿ “ಇರಲಿಲ್ಲ” ಎಂಬ ಮಾತನ್ನಾಗಲಿ ಆಧಾರವಿಲ್ಲದೆ ಆಡಿದರೆ ಅದು ಚರಿತ್ರೆಯಾಗದೆ ಜಗಳವಾಗುತ್ತದೆ. ಆಧಾರ ತಪ್ಪಾಗಿದ್ದರೆ ನಿಜವಾದ ಮಾತೂ ಸುಳ್ಳಿನ ಗುಂಪಿಗೆ ಸೇರಿಬಿಡುತ್ತದೆ. ಆ ಹುಡುಗನ ಪ್ರಬಂಧದಲ್ಲಿ ಆದದ್ದು ಈ ಎರಡನೆಯದು.

ಧರ್ಮಪುರಿಯ ಹಳೆಯ ಹೆಸರು ತಗಡೂರು ಎಂಬುದು ವಾಚಕರಿಗೆ ವಿದಿತವೇ ಆಗಿದೆ. ಹೇಮಾವತಿಯನ್ನು, ಎಂದರೆ ಹಿಂದಿನ ಹೆಂಜೇರುವನ್ನು, ರಾಜಧಾನಿಯಾಗಿ ಮಾಡಿಕೊಂಡಿದ್ದ ನೊಳಂಬರು ಒಂಬತ್ತನೆಯ ಶತಮಾನದಲ್ಲಿ ಇಲ್ಲಿಯವರೆಗೆ ಆಳಿದರು. ಅವರ ಕಾಲದ ಎರಡು ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ಒಂದು ಶಕ 800ರದು, ಇನ್ನೊಂದು ಶಕ 815ರದು. ಇವನ್ನು ಎಪಿಗ್ರಾಫಿಯ ಇಂಡಿಕದ ಹತ್ತನೆಯ ಸಂಪುಟದಲ್ಲಿ ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದರು. ಎರಡನೆಯದು ನಮ್ಮವರಿಗೆ ಬಹು ಬೆಲೆಯುಳ್ಳದ್ದು. ನಿಧಿಯಣ್ಣ, ಚಂದಿಯಣ್ಣ ಎಂಬ ಇಬ್ಬರು ತಗಡೂರಿನಲ್ಲಿ ಜಿನಾಲಯವನ್ನು ಕಟ್ಟಿಸಿದರೆಂದೂ, ಮಹೇಂದ್ರ ನೊಳಂಬನಿಂದ ನಿಧಿಯಣ್ಣನು ಮೂಲಪಳ್ಳಿ ಎಂಬ ಗ್ರಾಮವನ್ನು ಪಡೆದು ಅದನ್ನು ಆ ಬಸದಿಯ ಜೀರ್ಣೋದ್ಧಾರಾದಿಗಳಿಗಾಗಿ ಕನಕಸೇನ ಭಟಾರರಿಗೆ ಒಪ್ಪಿಸಿದನೆಂದೂ ಅದು ತಿಳಿಸುತ್ತದೆ. ಅದೇ ಕಂಬದ ಮೇಲೆ ಮಹೇಂದ್ರನ ಮಗ ಅಯ್ಯಪದೇವನು ಅದೇ ಬಸದಿಗೆ ಬೂದುಗೂರನ್ನು ಬಿಟ್ಟ ಸಂಗತಿಯೂ ಉಂಟು.

ನಮ್ಮ ವಿದ್ಯಾರ್ಥಿ ಬರೆದಿದ್ದುದು ಹೀಗೆ: ಕ್ರಿ.ಶ. 893ರಲ್ಲಿ ಮಹೇಂದ್ರನೂ ಅಯ್ಯಪನೂ ಕೂಡಿ ಎರಡು ಗ್ರಾಮಗಳನ್ನು ದಾನ ಮಾಡಿದರು. ಕಂಬ ಒಂದೇ, ಶಾಸನ ಮಾತ್ರ ಎರಡು ಎಂಬುದು ಅವನು ನೋಡಿದ್ದ ಕೈಪಿಡಿಯಲ್ಲಿ ಇರಲಿಲ್ಲ. ತಂದೆಯ ದಾನದ ತೇದಿಯನ್ನು ಮಗನ ದಾನಕ್ಕೂ ಅಂಟಿಸಿದಂತಾಯಿತು. ಮೂಲಸಂಪುಟವನ್ನು ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ನೋಡಲಾಗದಿದ್ದರೆ “ಇಂಥ ಕೈಪಿಡಿಯಲ್ಲಿ ಉದ್ಧೃತವಾದಂತೆ” ಎಂದು ಬರೆದಿದ್ದರೂ ಸಾಕಾಗಿದ್ದಿತು. ತಪ್ಪಿನ ಹೊಣೆ ಕೈಪಿಡಿಯ ಮೇಲೆ ನಿಲ್ಲುತ್ತಿದ್ದಿತು, ಮುಂದಿನವನು ಎಲ್ಲಿ ತಿದ್ದಬೇಕೆಂಬುದನ್ನು ತಿಳಿಯುತ್ತಿದ್ದನು. ತಾನು ಕಾಣದ ಸಂಪುಟವನ್ನು ಕಂಡಂತೆ ಹೆಸರಿಸಿದುದರಿಂದ ಕೃಷ್ಣಶಾಸ್ತ್ರಿಗಳಂಥ ವಿದ್ವಾಂಸರ ತಲೆಯ ಮೇಲೆಯೇ ಅಪವಾದ ಬಂದು ಕುಳಿತಿತು.

ಇನ್ನು ಮದರಾಸಿನ ಶಾಸನ ವರದಿಗಳ ಸಂಖ್ಯೆಗಳು. ಅಲ್ಲಿ ಪ್ರತಿ ಶಾಸನಕ್ಕೂ “1901ರ ಇಂತಿಷ್ಟನೆಯದು” ಎಂಬ ರೀತಿಯ ಗುರುತು ಇರುತ್ತದೆ. ಆ ಇಸವಿ ಶಾಸನವನ್ನು ಇಲಾಖೆಯವರು ಪ್ರತಿಮಾಡಿಕೊಂಡ ವರ್ಷವೇ ಹೊರತು ಶಾಸನದ ಕಾಲವಲ್ಲ. ಅದನ್ನೇ ಕಾಲವೆಂದು ಭ್ರಮಿಸಿದವರನ್ನು ನಾವು ಬಲ್ಲೆವು! ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತವರ್ಷ ಮಾಡುವಾಗಲೂ ಮಾಸವನ್ನು ನೋಡಬೇಕು. ವರ್ಷದ ಕೊನೆಯ ಮಾಸಗಳು ಮುಂದಿನ ಇಸವಿಗೆ ಬೀಳುತ್ತವೆ. ಆದುದರಿಂದ ಶಾಸನದಲ್ಲಿರುವ ಶಕವನ್ನೇ ಮೊದಲು ಬರೆದು, ಲೆಕ್ಕಹಾಕಿದ ಇಸವಿಯನ್ನು ಅದರ ಪಕ್ಕದಲ್ಲಿಡುವುದು ಕ್ಷೇಮ. ತೇದಿಯೇ ಇಲ್ಲದ ಶಾಸನಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಲ್ಮಿಡಿಯ ಶಾಸನಕ್ಕೆ ಸುಮಾರು 450 ಎಂದು ನಾವೆಲ್ಲರೂ ಪಾಠ ಹೇಳುತ್ತೇವೆ. ಕಲ್ಲಿನ ಮೇಲೆ ವರ್ಷವಿಲ್ಲ, ಲಿಪಿ ಮೊದಲಾದುವನ್ನು ನೋಡಿ ವಿದ್ವಾಂಸರು ಊಹಿಸಿದುದು ಅದು. ಕಲ್ಲು ಹೇಳಿದುದಕ್ಕೆ ಕಲ್ಲನ್ನೂ, ವಿದ್ವಾಂಸರು ಹೇಳಿದುದಕ್ಕೆ ವಿದ್ವಾಂಸರನ್ನೂ ಹೆಸರಿಸಬೇಕಾಗುತ್ತದೆ.

ಊರು ಯಾವ ಜಿಲ್ಲೆಯದೆಂಬ ಚಿಕ್ಕ ಮಾತೂ ನಮ್ಮ ಹುಡುಗನನ್ನು ಕಾಡಿದ್ದಿತು. ಧರ್ಮಪುರಿ ಜಿಲ್ಲೆಯ ಹಳೆಯ ಗೆಜೆಟಿಯರಿಗಾಗಿ ಗ್ರಂಥಾಲಯದಲ್ಲಿ ಒಂದು ದಿನವೆಲ್ಲ ಹುಡುಕಿ, ಇಲ್ಲವೆಂದು ಬರೆದಿದ್ದನು. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾದುದು 1965ರಲ್ಲಿ. ಅದಕ್ಕೆ ಮುಂಚೆ ಕಂಬೈನಲ್ಲೂರು ಸೇಲಂ ಜಿಲ್ಲೆಗೆ ಸೇರಿದ್ದುದರಿಂದ ಲೆ ಫಾನು ಅವರು 1883ರಲ್ಲಿ ಬರೆದ ಕೈಪಿಡಿಯನ್ನೂ, ರಿಚರ್ಡ್ಸ್ ಅವರ 1918ರ ಗೆಜೆಟಿಯರನ್ನೂ ಸೇಲಂ ಎಂಬ ಹೆಸರಿನಲ್ಲಿ ಹುಡುಕಬೇಕು. ಕೃಷ್ಣಗಿರಿ, ಹೊಸೂರುಗಳ ವಿಷಯವೂ ಹೀಗೆಯೇ. ಕೃಷ್ಣಗಿರಿ ಜಿಲ್ಲೆ 2004ರಲ್ಲಿ ಆದುದು. ಟಿಪ್ಪುವಿನಿಂದ 1792ರಲ್ಲಿ ಕುಂಪಣಿಯ ಕೈಸೇರಿದ ಮೇಲೆ ರೀಡ್, ಮನ್ರೋ ಮುಂತಾದವರು ಬರೆದಿಟ್ಟ ಕಾಗದಪತ್ರಗಳಾದರೋ ಬಾರಾಮಹಲ್ ಎಂಬ ಹೆಸರಿನಲ್ಲಿ ಅಚ್ಚಾಗಿವೆ. ಊರಿನ ಹೆಸರನ್ನು ಇಂಗ್ಲಿಷಿನವರು ಕಂಬಯನಲ್ಲೂರು ಎಂದೂ ಬರೆದಿದ್ದಾರೆ. ಟಿಪ್ಪಣಿಯಲ್ಲಿ ಗ್ರಂಥದಲ್ಲಿರುವ ರೂಪವನ್ನೇ ಉಳಿಸಿ, ಈಗಿನ ರೂಪವನ್ನು ಜೊತೆಗೆ ಕೊಡುವುದೇ ಸರಿಯೆಂದು ನಮ್ಮ ಮತ.

ಪ್ರಕಟಣೆಯ ವರ್ಷವನ್ನು ಏಕೆ ಬರೆಯಬೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇದಕ್ಕೆ ತಗಡೂರಿನ ಅದಿಯಮಾನನಿಗಿಂತ ಒಳ್ಳೆಯ ಉತ್ತರ ನಮಗೆ ತಿಳಿಯದು. ಅಶೋಕನ ಎರಡನೆಯ ಬಂಡೆಶಾಸನದಲ್ಲಿ ಚೋಳ, ಪಾಂಡ್ಯ, ಕೇರಳಪುತ್ರರ ಜೊತೆಗೆ ಸತಿಯಪುತ್ರ ಎಂಬ ಹೆಸರಿದೆ. ಇವರು ಯಾರೆಂಬ ವಿಷಯದಲ್ಲಿ ವಿದ್ವಾಂಸರು ಬಹುಕಾಲ ಹೊಡೆದಾಡಿದರು. ಕೆಲವರು ತುಳುನಾಡಿನ ಕಡೆ, ಕೆಲವರು ಸತ್ಯಮಂಗಲದ ಕಡೆ ಎಂದರು. ಕಾಸರಗೋಡಿನ ನಮ್ಮ ಬಂಧುಗಳಿಗೆ ಮೊದಲನೆಯ ವಾದ ಪ್ರಿಯವಾಗಿದ್ದಿದ್ದರೆ ಆಶ್ಚರ್ಯವಿಲ್ಲ. 1981ರಲ್ಲಿ ಜಂಬೈ ಎಂಬಲ್ಲಿ ತಮಿಳು ಬ್ರಾಹ್ಮೀ ಶಾಸನವೊಂದು ದೊರೆತು, ಅದಿಯನ್ ನೆಡುಮಾನ್ ಅಂಜಿಯನ್ನು ಸತಿಯಪುತ್ರನೆಂದು ಅದು ಹೆಸರಿಸಿದುದರಿಂದ ಆ ವಾದಗಳ ಬಲ ಕುಗ್ಗಿತು. ಔವೈಯಾರಿಗೆ ನೆಲ್ಲಿಕಾಯಿಯನ್ನಿತ್ತನೆಂದು ಸಂಘಕಾಲದ ಪದ್ಯಗಳಿಂದ ಪ್ರಸಿದ್ಧನಾದವನು ಈ ಅಂಜಿಯೇ. ನಮ್ಮ ಹುಡುಗ ಸತಿಯಪುತ್ರರನ್ನು ತುಳುನಾಡಿನಲ್ಲಿ ಕೂರಿಸಿ, ಮುಂದಿನ ಪುಟದಲ್ಲಿಯೇ ಅಂಜಿಯನ್ನು ಅವರಿಗೆ ಸಂಬಂಧವಿಲ್ಲದವನಂತೆ ಹೊಗಳಿದ್ದನು. ಅವನು ನೋಡಿದ ಪುಸ್ತಕ 1981ಕ್ಕಿಂತ ಹಿಂದಿನದು, ವರ್ಷವನ್ನು ಬರೆದಿರಲಿಲ್ಲ. ಬರೆದಿದ್ದರೆ ನೋಡಿದವರು ಯಾರಾದರೂ ಎಚ್ಚರಿಸುತ್ತಿದ್ದರು.

ಸಂಘಕಾಲದ ಪದ್ಯಗಳನ್ನು ಹೇಳುವಾಗ ಪುಟಕ್ಕಿಂತ ಪದ್ಯದ ಸಂಖ್ಯೆಯೇ ಮುಖ್ಯ. ನೆಲ್ಲಿಕಾಯಿಯ ಪದ್ಯ ಪುರನಾನೂರಿನ 91ನೆಯದು. ಯಾವ ಮುದ್ರಣವನ್ನು ತೆಗೆದರೂ ಅದು ಸಿಕ್ಕುತ್ತದೆ. ಉ. ವೇ. ಸ್ವಾಮಿನಾಥ ಅಯ್ಯರವರು 1894ರಲ್ಲಿ ಅಚ್ಚುಮಾಡಿಸಿದ ಪ್ರತಿಯ ಪುಟವನ್ನು ಕೊಟ್ಟರೆ ಅದನ್ನು ಇಟ್ಟುಕೊಂಡಿರುವವರು ಎಷ್ಟು ಮಂದಿ? ಅಂತರಜಾಲದಲ್ಲಿ ಓದಿದುದನ್ನು ನೋಡಿದ ದಿನಾಂಕದೊಡನೆ ಬರೆಯಬೇಕೆಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಅದರಲ್ಲಿ ಬೆಳೆಸುವುದೇನೂ ಇಲ್ಲ.

ಆದರೆ ನಮ್ಮನ್ನು ಹೆಚ್ಚಾಗಿ ನೋಯಿಸಿದುದು ಆ ಪ್ರಬಂಧದಲ್ಲಿ ಇಲ್ಲದ ಒಂದು ಸಂಗತಿ. ಮಾತಿನ ನಡುವೆ ಅವನು, “ನಮ್ಮ ಹೊಲದ ಅಂಚಿನಲ್ಲಿ ಒಂದು ವೇಡಿಯಪ್ಪ ಇದೆ ಸಾರ್, ಅಜ್ಜಿ ಅದಕ್ಕೆ ಎಣ್ಣೆ ಹಚ್ಚುತ್ತಾರೆ” ಎಂದನು. ಈ ಸೀಮೆಯಲ್ಲಿ ವೇಡಿಯಪ್ಪನೆಂದು ಪೂಜೆಗೊಳ್ಳುವ ಕಲ್ಲುಗಳಲ್ಲಿ ಅನೇಕವು ವೀರಗಲ್ಲುಗಳು. ತಮಿಳರು ನಡುಕಲ್ ಎನ್ನುತ್ತಾರೆ. ತಮಿಳುನಾಡಿನ ಪುರಾತತ್ತ್ವ ಇಲಾಖೆ 1975ರಲ್ಲಿ ಹೊರತಂದ ಧರ್ಮಪುರಿ ಕಲ್ವೆಟ್ಟುಗಳ್ ಎಂಬ ಸಂಪುಟದಲ್ಲಿ ಈ ಜಿಲ್ಲೆಯ ಇಂಥ ಕಲ್ಲುಗಳು ಸೇರಿವೆ. “ಅದನ್ನೇಕೆ ಬರೆಯಲಿಲ್ಲ?” ಎಂದು ಕೇಳಿದೆವು. “ಅದು ಪುಸ್ತಕವಲ್ಲವಲ್ಲ ಸಾರ್, ಪಟ್ಟಿಯಲ್ಲಿ ಹೇಗೆ ಹಾಕುವುದು?” ಎಂದನು.

ಅವನ ಪ್ರಶ್ನೆ ನ್ಯಾಯವಾದುದೇ. ಪುಸ್ತಕಕ್ಕೆ ಕರ್ತೃ, ಹೆಸರು, ಸ್ಥಳ, ವರ್ಷ, ಪುಟ ಎಂದು ನಾವು ಪಾಠ ಹೇಳಿದ್ದೇವೆ. ಅಜ್ಜಿಗೆ ಏನು ಬರೆಯಬೇಕೆಂಬುದನ್ನು ಹೇಳಿಲ್ಲ. ಹೇಳಿದವರ ಹೆಸರು, ಸುಮಾರು ವಯಸ್ಸು, ಊರು, ಕೇಳಿದ ದಿನ, ಯಾವ ಭಾಷೆಯಲ್ಲಿ ಹೇಳಿದರು, ತಾವೇ ಕಂಡುದೋ ಹಿರಿಯರಿಂದ ಕೇಳಿದುದೋ, ಇಷ್ಟನ್ನು ಗುರುತಿಸಿದರೆ ಅದೂ ಆಧಾರವೇ. ಹೆಸರು ಹಾಕಬಹುದೇ ಎಂದು ಅವರನ್ನು ಮೊದಲು ಕೇಳಬೇಕು. ಕಲ್ಲಿಗೆ ಅದು ನಿಂತಿರುವ ಜಾಗ, ಯಾವ ದಿಕ್ಕಿಗೆ ಮುಖ, ಎತ್ತರ ಅಗಲ, ಅಕ್ಷರಗಳಿದ್ದರೆ ಸಾಲುಗಳೆಷ್ಟು, ನೋಡಿದ ದಿನ, ತೆಗೆದ ಚಿತ್ರ. ಅಜ್ಜಿ ಹೇಳಿದ ಕಥೆ ಹುಲಿಯೊಡನೆ ಹೋರಾಡಿ ಸತ್ತವನದು, ಕಲ್ಲಿನ ಮೇಲಿನ ಚಿತ್ರ ದನಗಳನ್ನು ಬಿಡಿಸಿಕೊಂಡು ಮಡಿದವನದು ಎಂದಾದರೂ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. ಒಂದಕ್ಕೊಂದನ್ನು ಹೊಂದಿಸಿ ಚೆನ್ನಾಗಿ ಮಾಡುವ ಕೆಲಸ ನಮ್ಮದಲ್ಲ. ಹೊಲ ಕೈಬದಲಾದರೆ, ರಸ್ತೆ ಅಗಲವಾದರೆ, ಕಲ್ಲು ಎಲ್ಲಿಗೆ ಹೋಗುವುದೋ ಬಲ್ಲವರಾರು? ಆಗ ಆ ಹುಡುಗನ ಟಿಪ್ಪಣಿಯೊಂದೇ ಉಳಿಯಬಹುದು.

ಹದಿನೈದು ದಿನಗಳ ಮೇಲೆ ಅವನು ಮತ್ತೆ ಬಂದನು. ಎಂಟು ಗ್ರಂಥಗಳ ಪಟ್ಟಿ ನಾಲ್ಕಕ್ಕೆ ಇಳಿದಿದ್ದಿತು; ಎಪಿಗ್ರಾಫಿಯ ಇಂಡಿಕದ ಸಂಪುಟವನ್ನು ಸೇಲಂಗೆ ಹೋಗಿ ನೋಡಿಬಂದಿದ್ದನು. ಅಯ್ಯಪದೇವನ ದಾನ ಬೇರೆ ವಾಕ್ಯವಾಗಿದ್ದಿತು. ಪಟ್ಟಿಯ ಮೇಲೆ, ಗ್ರಂಥಗಳಿಗಿಂತ ಮೊದಲು, ಅಜ್ಜಿಯ ಹೆಸರು, ವಯಸ್ಸು, ಊರು, ಕೇಳಿದ ದಿನ. ಕಲ್ಲಿನ ಕೆಳಭಾಗ ಮಣ್ಣಿನಲ್ಲಿ ಹೂತಿದೆಯೆಂದೂ, ಎಣ್ಣೆಯ ಜಿಡ್ಡಿನ ಕೆಳಗೆ ಮೂರು ಸಾಲು ಅಕ್ಷರಗಳಂತೆ ತೋರುತ್ತವೆಯೆಂದೂ, ಅಗೆಯಲು ಅಜ್ಜಿ ಒಪ್ಪಲಿಲ್ಲವೆಂದೂ ಬರೆದಿದ್ದನು.